ಟಗರು ಮರಿಗೆ ಶೇಂಗಾ ಹಿಂಡಿ ಜಾಸ್ತಿ ಹಾಕಿದಷ್ಟೂ ತೂಕ ಬರುತ್ತಾ?

ನೀವು ಹಾವೇರಿ ಕಡೆ ನಾಲ್ಕು ತಿಂಗಳಿನ 20 ಟಗರು ಮರಿ ಕಟ್ಟಿದ್ದೀರಿ. ಒಂದೊಂದೂ ಸುಮಾರು 20 ಕೆಜಿ. ತಲಾ 300 ಗ್ರಾಂ ಶೇಂಗಾ ಹಿಂಡಿ, ಜೊತೆಗೆ ಜೋಳದ ಕಣಕಿ ಹಾಕುತ್ತಿದ್ದೀರಿ. ತೂಕ ಏರುತ್ತಿಲ್ಲ, ಹಿಕ್ಕೆ ಮೆತ್ತಗಾಗಿದೆ, ಹಿಂಡಿ ಅರ್ಧ ಕೆಜಿ ಮಾಡಲಾ ಅಂತ ಕೇಳಿದ್ದೀರಿ. ಬೇಡ. ಈಗ ಹಾಕುತ್ತಿರುವುದನ್ನೇ ಇಳಿಸಿ.

ನಾನು ಮುಂಡರಗಿ ಹತ್ತಿರದವನು. ಮೊದಲ ಸಲ ಅಮೀನಗಡ ಸಂತೆಯಿಂದ 12 ಮರಿ ತಂದಾಗ ನನ್ನದೂ ಇದೇ ಲೆಕ್ಕ. ಹಿಂಡಿ ಅಂದರೆ ಪ್ರೋಟೀನು, ಪ್ರೋಟೀನು ಅಂದರೆ ಮಾಂಸ. ಗೋಣಿಚೀಲದ ಜೋಲಿ ಮಾಡಿ, ಮರಿಯನ್ನು ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ ವಾರಕ್ಕೊಮ್ಮೆ ತೂಗುತ್ತಿದ್ದೆ. ಮುಳ್ಳು ಮಾತ್ರ ಇದ್ದಲ್ಲೇ ಇರುತ್ತಿತ್ತು. ಒಂದು ಬೆಳಿಗ್ಗೆ ತಕ್ಕಡಿಯ ಕೊಕ್ಕೆ ಕೆಳಗೆ ಬಿತ್ತು. ಹುಡುಕಲು ಕುಕ್ಕರಗಾಲಲ್ಲಿ ಕೂತರೆ ಕಣ್ಣು ಉರಿದು ನೀರು ಬಂತು. ನಿಂತಾಗ ಅಷ್ಟು ಗೊತ್ತಾಗದ ಘಾಟು, ಮರಿಯ ಮೂತಿಯ ಎತ್ತರದಲ್ಲಿ ತಡೆಯೋಕೆ ಆಗದಷ್ಟಿತ್ತು. ಅಲ್ಲೇ ನಿಂತಿದ್ದ ನಮ್ಮ ಕಾಕಾ, ಕುರಿ ಕಾದೇ ಮುದುಕರಾದವರು, ಕೇಳಿದರು: "ಹಿಂಡಿ ಮರಿಗೆ ತಿನ್ನಸ್ತೀಯೋ, ನೆಲಕ್ಕ ತಿನ್ನಸ್ತೀಯೋ?"

ಕಾಕಾ ಹೇಳಿದ್ದು ತಮಾಷೆಗಲ್ಲ. ಕುರಿ ತಿಂದ ಹಿಂಡಿ ಸೀದಾ ಕುರಿಗೆ ಸಿಗುವುದಿಲ್ಲ. ಮೊದಲ ಹೊಟ್ಟೆ, ಅಂದರೆ ರೂಮೆನ್‌ನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಮೊದಲ ಪಂಕ್ತಿ ಅವುಗಳದ್ದು. ಪ್ರೋಟೀನಿನ ಹೆಚ್ಚು ಪಾಲನ್ನು ಒಡೆದು ಅವು ಅಮೋನಿಯಾ ಮಾಡುತ್ತವೆ. ಆ ಅಮೋನಿಯಾದಿಂದಲೇ ತಮ್ಮ ಮೈ ಕಟ್ಟಿಕೊಂಡು ಬೆಳೆಯುತ್ತವೆ. ಆಮೇಲೆ ಮೇವಿನ ಜೊತೆ ಮುಂದಕ್ಕೆ ಹರಿದು ನಾಲ್ಕನೇ ಹೊಟ್ಟೆ, ಸಣ್ಣ ಕರುಳಿನಲ್ಲಿ ತಾವೇ ಜೀರ್ಣವಾಗುತ್ತವೆ. ಮರಿಯ ಮಾಂಸವಾಗುವ ಪ್ರೋಟೀನಿನಲ್ಲಿ ದೊಡ್ಡ ಪಾಲು ಈ ಸತ್ತ ಜೀವಿಗಳದ್ದೇ.

ಆದರೆ ಅಮೋನಿಯಾ ಬಳಸಿಕೊಳ್ಳಲು ಅವುಗಳಿಗೆ ಶಕ್ತಿ ಬೇಕು. ಅದು ಬರುವುದು ಗೋವಿನಜೋಳದಂಥ ಕಾಳಿನ ಪಿಷ್ಟದಿಂದ, ಒಳ್ಳೆಯ ಹೊಟ್ಟಿನ ನಾರಿನಿಂದ. ನಿಮ್ಮ ಮರಿಗಳ ಹೊಟ್ಟೆಯಲ್ಲಿ ರೊಟ್ಟಿಗೆ ಹಿಟ್ಟು ರಾಶಿ ಬಿದ್ದಿದೆ, ಒಲೆಗೆ ಕಟ್ಟಿಗೆ ಇಲ್ಲ. ಶೇಂಗಾ ಹಿಂಡಿ ಬೇರೆ ರೂಮೆನ್‌ನಲ್ಲಿ ಬಹಳ ಬೇಗ ಒಡೆಯುತ್ತೆ. ಮಿಕ್ಕ ಅಮೋನಿಯಾ ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಯೂರಿಯಾ ಆಗಿ, ಉಚ್ಚೆಯಲ್ಲಿ ಹೊರಗೆ. ಹಾಗೆ ಯೂರಿಯಾ ಮಾಡುವುದಕ್ಕೂ ಮರಿ ಮೈಯ ಶಕ್ತಿ ಸುಡಬೇಕು. ಉಚ್ಚೆಯಲ್ಲಿ ನೆಲಕ್ಕೆ ಬಿದ್ದ ಯೂರಿಯಾ ಅಲ್ಲಿ ಮತ್ತೆ ಅಮೋನಿಯಾ ಆಗುತ್ತೆ, ಅವತ್ತು ನನ್ನ ಕಣ್ಣು ಉರಿಸಿದ ಘಾಟು ಅದೇ. ನಮ್ಮ ಕಡೆ ಹೊಲದವರು ದುಡ್ಡು, ಕಾಳು ಕೊಟ್ಟು ರಾತ್ರಿ ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರಲ್ಲ, ಅದು ಈ ಉಚ್ಚೆ, ಹಿಕ್ಕೆಗೇ ಅಲ್ವಾ. ನಾನು ದುಬಾರಿ ಹಿಂಡಿ ಕೊಟ್ಟು ಅದನ್ನು ದೊಡ್ಡಿಯೊಳಗೇ ಮಾಡಿಸುತ್ತಿದ್ದೆ.

(ಬೇಸಿಗೆಯಲ್ಲಿ ಇದು ಉಲ್ಟಾ. ಮೇವಿನಲ್ಲಿ ಪ್ರೋಟೀನು ಕಡಿಮೆಯಾದರೆ ಕುರಿ ಆ ಯೂರಿಯಾವನ್ನು ಉಚ್ಚೆಗೆ ಬಿಡದೆ, ಜೊಲ್ಲಿನ ಮೂಲಕವೂ ಮತ್ತೆ ಹೊಟ್ಟೆಗೇ ಕಳಿಸುತ್ತೆ. ಒಣ ಕೂಳೆ ಮೇಯ್ದುಕೊಂಡು ಡೆಕ್ಕನಿ ಕುರಿ ಜೀವ ಹಿಡಿಯುವುದರ ಗುಟ್ಟುಗಳಲ್ಲಿ ಇದೂ ಒಂದು.)

ಈಗ ನಿಮ್ಮ ಲೆಕ್ಕ. 20 ಕೆಜಿ ಮರಿ ದಿನಕ್ಕೆ ಸುಮಾರು 800 ಗ್ರಾಂ ಒಣ ಆಹಾರ ತಿನ್ನುತ್ತೆ. ಅದರಲ್ಲಿ ಶೇಕಡಾ 14ರ ಆಸುಪಾಸು ಪ್ರೋಟೀನು ಸಾಕು, ಅಂದರೆ 110 ಗ್ರಾಂ ಚಿಲ್ಲರೆ. ನೀವು ಹಾಕುವ ಹಿಂಡಿಯಲ್ಲೇ 120 ಗ್ರಾಂ ಮೀರುತ್ತೆ. ಕಣಕಿಯಲ್ಲಿ ಪ್ರೋಟೀನು ಶೇಕಡಾ ಮೂರೋ ನಾಲ್ಕೋ, ಶಕ್ತಿಯೂ ಅಷ್ಟಕ್ಕಷ್ಟೇ.

ನಾನು ಈಗ 100 ಕೆಜಿಗೆ 50 ಕೆಜಿ ಗೋವಿನಜೋಳದ ನುಚ್ಚು, ಶೇಂಗಾ ಹಿಂಡಿ 15, ಹತ್ತಿಕಾಳು ಹಿಂಡಿ 15, ಗೋಧಿ ಬೂಸಾ 17, ಖನಿಜ ಮಿಶ್ರಣ 2, ಉಪ್ಪು 1 ಕೆಜಿ ಕಲಸುತ್ತೇನೆ. ಹತ್ತಿಕಾಳು ಹಿಂಡಿ ಸುಮ್ನೆ ಸೇರಿಸಿದ್ದಲ್ಲ. ಅದರ ಪ್ರೋಟೀನು ನಿಧಾನಕ್ಕೆ ಒಡೆಯುತ್ತೆ, ಒಂದಿಷ್ಟು ರೂಮೆನ್ ತಪ್ಪಿಸಿಕೊಂಡು ಸೀದಾ ಕರುಳಿಗೆ ಹೋಗುತ್ತೆ. ಹಾಲು ಕುಡಿಯುವ ಎಳೆ ಮರಿಗೆ ಮಾತ್ರ ಅದು ಬೇಡ. ನಿಮ್ಮ ಮರಿಗೆ ಈ ಮಿಶ್ರಣ ದಿನಕ್ಕೆ 400 ಗ್ರಾಂವರೆಗೆ, ಎರಡು ಹೊತ್ತಿಗೆ ಹಂಚಿ ಹಾಕಿ. ಕಣಕಿ ಸ್ವಲ್ಪ ಇರಲಿ, ಗೋದಲಿಯಲ್ಲಿ ಶೇಂಗಾ ಹೊಟ್ಟು (ಕಾಯಿ ಬಿಡಿಸಿದ ಒಣ ಬಳ್ಳಿ, ಕಾಯಿಯ ಸಿಪ್ಪೆಯಲ್ಲ) ಜಾಸ್ತಿ ಇರಲಿ. ಅದರಲ್ಲೇ ಶೇಕಡಾ 10ರಷ್ಟು ಪ್ರೋಟೀನು ಸಿಗುತ್ತೆ.

ಆದರೆ ನಾಳೆಯೇ 400 ಗ್ರಾಂ ಸುರಿಯಬೇಡಿ. ನುಚ್ಚು ಒಮ್ಮೆಲೇ ಜಾಸ್ತಿ ಬಿದ್ದರೆ ಹೊಟ್ಟೆ ಹುಳಿಯಾಗಿ ಮರಿ ಮೇವು ಬಿಡುತ್ತೆ, ಸಾಯಲೂಬಹುದು. 100 ಗ್ರಾಂನಿಂದ ಶುರು ಮಾಡಿ ಎರಡು ಮೂರು ವಾರದಲ್ಲಿ ಏರಿಸಿ. ಆ ಸೂಕ್ಷ್ಮಜೀವಿಗಳಿಗೂ ಹೊಸ ಊಟ ರೂಢಿಯಾಗಬೇಕು. ನಾನು ಅವಸರ ಮಾಡಿದ್ದಕ್ಕೆ 12ರಲ್ಲಿ ಒಂದು ಹೋಯಿತು, ಅದೂ ಎಲ್ಲಕ್ಕಿಂತ ಮೈತುಂಬಿದ್ದದ್ದು. ರಾತ್ರಿ ಚೆನ್ನಾಗಿ ತಿಂದಿತ್ತು, ಬೆಳಿಗ್ಗೆ ಕತ್ತು ಹಿಂದಕ್ಕೆ ಸೆಟೆದು ಬಿದ್ದಿತ್ತು. ಡಾಕ್ಟರು ಕರುಳು ಬೇನೆ ಅಂದರು, ಕಾಳು ಒಮ್ಮೆಲೇ ಜಾಸ್ತಿಯಾದಾಗ ಕರುಳಿನಲ್ಲಿ ರೋಗಾಣು ಹೆಚ್ಚಿ ವಿಷ ಬಿಡುವ ರೋಗ. ಅದರ ಲಸಿಕೆ ಹಾಕಿಸಿರಲಿಲ್ಲ. ನೀವು ಹಾಕಿಸಿಲ್ಲದಿದ್ದರೆ ಕಾಳು ಏರಿಸುವ ಮೊದಲೇ ಹಾಕಿಸಿ, ಎರಡು ಮೂರು ವಾರ ಬಿಟ್ಟು ಎರಡನೇ ಡೋಸು ಮರೀಬೇಡಿ.

ಯೂರಿಯಾ ಅಗ್ಗ, ಕಲಸಿ ಹಾಕಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅಳತೆ ತಪ್ಪಿದರೆ ವಿಷ. ಹಸಿ ಸೋಯಾಬೀನ್ ಜೊತೆ ಸೇರಿದರೆ ಇನ್ನೂ ಕೆಟ್ಟದ್ದು, ಸೋಯಾದಲ್ಲಿರುವ ಕಿಣ್ವ ಯೂರಿಯಾವನ್ನು ಗಳಿಗೆಯಲ್ಲಿ ಅಮೋನಿಯಾ ಮಾಡಿಬಿಡುತ್ತೆ. ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನೂ ಹಾಕಬೇಡಿ, ಎಷ್ಟೇ ಅಗ್ಗಕ್ಕೆ ಸಿಗಲಿ. ಕಾಳು, ಬೂಸಾ ತಿನ್ನುವ ಟಗರಿಗೆ ಉಚ್ಚೆ ಕಟ್ಟುವ ಕಲ್ಲಿನ ಭಯವೂ ಇರುತ್ತೆ. ಹಾಗಾಗಿ ಉಪ್ಪು, ನೀರು ಎರಡಕ್ಕೂ ಕೊರತೆ ಮಾಡಬೇಡಿ.

ಮೆತ್ತಗಿನ ಹಿಕ್ಕೆ ಹಿಂಡಿಯಿಂದಲೇ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಜಂತುಹುಳ ಇದ್ದರೂ ಹಾಗೇ ಆಗುತ್ತೆ. ನಾಲ್ಕೈದು ಮರಿಯ ಹಿಕ್ಕೆ ಪೊಟ್ಟಣ ಕಟ್ಟಿ ಪಶು ಆಸ್ಪತ್ರೆಗೆ ಒಯ್ದು ತೋರಿಸಿ. ನಿಮ್ಮಲ್ಲಿ ಶೇಂಗಾ ಹೊಟ್ಟು ಸಿಗದೆ ಕಡಲೆ ಹೊಟ್ಟೋ ತೊಗರಿ ಹೊಟ್ಟೋ ಇದ್ದರೆ ಕೆಳಗೆ ಬರೆಯಿರಿ, ಅದಕ್ಕೆ ತಕ್ಕಂತೆ ಹಿಂಡಿಯ ಅಳತೆ ಹೇಳುತ್ತೇನೆ.