ಅರಿಶಿನದ ಲಾವಾ, ಎರೆಮಣ್ಣಿನ ಬೆಟ್ಟ

ಪ್ರಶ್ನೆ: ಮೇಡಂ, ನಮಸ್ಕಾರ. ಮಗ ಏಳನೇ ಕ್ಲಾಸು. ಶಾಲೆಯಲ್ಲಿ ಜ್ವಾಲಾಮುಖಿ ಮಾಡೆಲ್ ಮಾಡಿಕೊಂಡು ಬರಲು ಹೇಳಿದ್ದಾರೆ. ವಿಜ್ಞಾನ, ಸಮಾಜ, ಗಣಿತ, ಕನ್ನಡ ನಾಲ್ಕಕ್ಕೂ ಇದೊಂದೇ ಪ್ರಾಜೆಕ್ಟಂತೆ. ಸೋಡ ಉಕ್ಕಿಸಿದರೆ ಗಣಿತ ಹೇಗೆ ಬರುತ್ತೆ? ಅಂಗಡಿಯಲ್ಲಿ 450 ರೂಪಾಯಿಗೆ ರೆಡಿಮೇಡ್ ಕಿಟ್ ಇದೆ. ತಂದುಬಿಡಲೇ? ಹೇಗೂ ರಾತ್ರಿ ಕೂತು ಮಾಡುವವಳು ನಾನೇ ಅಲ್ವಾ!
– ಒಬ್ಬ ತಾಯಿ, ವಿಜಯಪುರ ಜಿಲ್ಲೆ

ಉತ್ತರ: ಕಿಟ್ ಬೇಡಮ್ಮ. ನೀವು ರಾತ್ರಿ ಕೂರುವುದೂ ಬೇಡ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಪ್ರತಿ ವಸ್ತುಪ್ರದರ್ಶನಕ್ಕೂ ಮೂರ್ನಾಲ್ಕು ಜ್ವಾಲಾಮುಖಿ ಬಂದೇ ಬರುತ್ತಿದ್ದವು. ಥರ್ಮಾಕೋಲ್ ಬೆಟ್ಟ, ಹಸಿರು ಬಣ್ಣ, ತುದಿಯಲ್ಲಿ ಕೆಂಪು ನೊರೆ. ಯಾಕೆ ಉಕ್ಕಿತಪ್ಪಾ ಅಂತ ಕೇಳಿದರೆ ಮಗು ಅಪ್ಪನ ಮುಖ ನೋಡುತ್ತಿತ್ತು.

ಒಂದು ವರ್ಷ ನಾನೇ ಮಾಡಿ ತೋರಿಸೋಣ ಅಂತ ಹೊರಟೆ. ಕೆಂಪು ಬಣ್ಣ ಸಿಗಲಿಲ್ಲ. ಆರತಿಗೆ ಓಕುಳಿ ಕಲಸುತ್ತೇವಲ್ಲ, ಅರಿಶಿನಕ್ಕೆ ಚೂರು ಸುಣ್ಣ ಹಾಕಿ, ಆ ನೀರನ್ನೇ ಅಡುಗೆ ಸೋಡಕ್ಕೆ ಬೆರೆಸಿದೆ. ರಕ್ತದಂಥ ಕೆಂಪು. ಇನ್ನೇನು ಅಂತ ಲೋಟದ ತುಂಬ ನಿಂಬೆರಸ ಸುರಿದೆ. ಬುಸ್ ಅಂತ ಉಕ್ಕಿತು, ಆದರೆ ಹಳದಿ! ಲಾವಾ ಹೋಗಿ ಚಿತ್ರಾನ್ನವಾಯಿತು. ಹುಡುಗರು ಬಿದ್ದು ಬಿದ್ದು ನಕ್ಕರು. ಆಮೇಲೆ ಹಿಂದಿನ ಬೆಂಚಿನವನೊಬ್ಬ ಎದ್ದು, 'ಟೀಚರ್, ಯಾಕೆ ಹಳದಿ ಆಯ್ತು?' ಅಂದ. ಅವನು ಪ್ರಶ್ನೆ ಕೇಳಿದ್ದು ಆ ವರ್ಷದಲ್ಲಿ ಅದೇ ಮೊದಲು. ಸುಣ್ಣ ಕ್ಷಾರ, ಅಲ್ಲಿ ಅರಿಶಿನ ಕೆಂಪು. ನಿಂಬೆ ಆಮ್ಲ, ಅಲ್ಲಿ ಹಳದಿ. ಪುಸ್ತಕದಲ್ಲಿ ಎರಡು ಪುಟ ಇರುವ ಪಾಠ ಹತ್ತು ನಿಮಿಷದಲ್ಲಿ ಮುಗಿಯಿತು.

ಗಣಿತ ಕೇಳಿದಿರಿ. ನಿಂಬೆರಸ ಪ್ರತಿಸಲ ಎಂಟು ಚಮಚ, ಅಷ್ಟೇ ಇರಲಿ. ಸೋಡ ಮಾತ್ರ ಕಾಲು ಚಮಚ, ಅರ್ಧ, ಮುಕ್ಕಾಲು, ಒಂದು ಅಂತ ಹೆಚ್ಚಿಸಲಿ. ಉದ್ದನೆ ಲೋಟದಲ್ಲಿ ನೊರೆ ಎಷ್ಟು ಸೆಂಟಿಮೀಟರ್ ಏರಿತು ಅಂತ ಸ್ಕೇಲಿನಿಂದ ಅಳೆದು ಗ್ರಾಫ್ ಹಾಕಲಿ. ಒಂದು ಹಂತದಾಚೆಗೆ ಎಷ್ಟು ಸುರಿದರೂ ನೊರೆ ಜಾಸ್ತಿ ಆಗುವುದಿಲ್ಲ, ಹುಳಿ ತೀರಿಹೋಗಿರುತ್ತೆ. ಮಿಕ್ಕ ಸೋಡ ಹಾಗೇ ಉಳಿದಿರುತ್ತೆ. ನಿಂಬೆ ದುಬಾರಿಯಾದರೆ ಹುಣಸೆ ನೀರು ಸಾಕು.

ಒಂದು ಮಾತು ಮಾತ್ರ ಅವನಿಗೆ ಗೊತ್ತಿರಲಿ. ನಿಜವಾದ ಜ್ವಾಲಾಮುಖಿಯಲ್ಲಿ ಸೋಡವೂ ಇಲ್ಲ, ಹುಳಿಯೂ ಇಲ್ಲ. ಕರಗಿದ ಕಲ್ಲಿನೊಳಗೆ ನೀರಾವಿ, ಇಂಗಾಲದ ಡೈಆಕ್ಸೈಡ್ ಅಡಗಿರುತ್ತವೆ. ಮೇಲೆ ಬಂದಂತೆ ಒತ್ತಡ ಇಳಿದು ಗುಳ್ಳೆಯಾಗಿ ಹೊರಗೆ ನುಗ್ಗುತ್ತವೆ. ಗೋಲಿ ಸೋಡ ಒಡೆದ ಹಾಗೆ. ಹೆಸರಲ್ಲಿ ಜ್ವಾಲೆ ಇದೆ, ಆದರೆ ಅಲ್ಲಿ ಕೆಂಪಗೆ ಕಾಣುವುದು ಹೆಚ್ಚಾಗಿ ಬೆಂಕಿಯಲ್ಲ, 700ರಿಂದ 1200 ಡಿಗ್ರಿ ಕಾದ ಕಲ್ಲು. ಹಾಗಾದರೆ ಆ ಹೆಸರು ಸರಿಯೇ? ಕನ್ನಡ ಟೀಚರಿಗೆ ಒಂದು ಪುಟ ಬರೆದು ಕೊಡಲಿ.

ಸಮಾಜಕ್ಕೆ ನೀವು ಜಪಾನ್, ಇಟಲಿ ಅಂತ ಹುಡುಕಲೇಬೇಡಿ. ನೀವು ಇರುವುದೇ ಲಾವಾದ ಮೇಲೆ! ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ನಿನಲ್ಲಿ ನೆಲ ಬಿರಿದು ಲಾವಾ ಹರಿಯಿತು. ಅದರ ದಕ್ಷಿಣದ ಅಂಚು ನಿಮ್ಮ ಕಡೆ ಇದೆ. ಚೂಪು ಬೆಟ್ಟದಿಂದ ಚಿಮ್ಮಿದ್ದಕ್ಕಿಂತ ಉದ್ದುದ್ದ ಬಿರುಕುಗಳಿಂದ ಉಕ್ಕಿದ್ದೇ ಜಾಸ್ತಿ. ನೀರಾದ ದೋಸೆಹಿಟ್ಟು ಕಾವಲಿ ತುಂಬ ಹರಡುತ್ತಲ್ಲ, ಹಾಗೆ, ಒಂದರ ಮೇಲೊಂದು. ಆ ಕಲ್ಲು ಸವೆದು ಎರೆಮಣ್ಣಾಯಿತು. ತೇವ ಹಿಡಿದಿಟ್ಟುಕೊಳ್ಳುವ ಆ ಮಣ್ಣಿನಲ್ಲೇ ಹಿಂಗಾರಿನ ಬಿಳಿಜೋಳ ಬೆಳೆದು ನಿಮ್ಮ ತಟ್ಟೆಗೆ ರೊಟ್ಟಿಯಾಗಿ ಬರುತ್ತೆ. ಗೋಳಗುಮ್ಮಟದ ಗೋಡೆಯ ಕಪ್ಪು ಕಲ್ಲೂ ಅದೇ ಲಾವಾದ್ದು. ಒಂದು ಭಾನುವಾರ ಕರೆದುಕೊಂಡು ಹೋಗಿ ಮುಟ್ಟಿಸಿ.

ಹಾಗಾಗಿ ಥರ್ಮಾಕೋಲ್ ಬಿಡಿ. ಹೊಲದ ಎರೆಮಣ್ಣು ಕಲಸಿ ತಟ್ಟೆಯಲ್ಲಿ ಚಪ್ಪಟೆಯಾಗಿ ಬಡಿಯಲಿ. ಮಧ್ಯೆ ಉದ್ದಕ್ಕೆ ಸೀಳು ಬಿಟ್ಟು, ಒಳಗೆ ಅರಿಶಿನ ಬೆರೆಸಿದ ಸೋಡ ಹಾಕಿ ಮೇಲೆ ನಿಂಬೆರಸ ಸುರಿಯಲಿ. ಮಣ್ಣು ಒಣಗಿ ಬಿರುಕು ಬಿಟ್ಟರೆ ತೇಪೆ ಹಚ್ಚಬೇಡಿ, ಎರೆ ಬಿರಿಯುವುದೇ ಹಾಗೆ. ಇದರಲ್ಲಿ ಬೆಟ್ಟವೇ ಇಲ್ಲವಲ್ಲ ಅಂತ ಯಾರಾದರೂ ಮಾರ್ಕ್ಸ್ ಕಡಿಮೆ ಕೊಟ್ಟರೆ ನನ್ನ ಹೆಸರು ಹೇಳಿ!

ಕೆಳಗೆ ಹಳೇ ಪೇಪರ್ ಹಾಸಿ. ಅರಿಶಿನ ಯೂನಿಫಾರ್ಮಿಗೆ ಬಿದ್ದೇ ಬೀಳುತ್ತೆ. ಸೋಪು ಹಚ್ಚಿದ ತಕ್ಷಣ ಕಲೆ ಕೆಂಪಾಗುತ್ತೆ, ಗಾಬರಿಯಾಗಬೇಡಿ. ಅವನನ್ನೇ ಕರೆದು ಯಾಕೆ ಹೀಗಾಯ್ತು ಅಂತ ಕೇಳಿ. ಒಗೆದು ಬಿಸಿಲಿಗೆ ಹಾಕಿ, ಉಳಿದ ಹಳದಿ ಮಾಸುತ್ತೆ.