ಪ್ಯಾಕೆಟ್ಟಿನ ಹಿಂಬದಿ ಓದಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನಾಯಿಗೆ ಕೊಳ್ಳುವ ಸಾಮಾನಿನ ಬಗ್ಗೆಯೇ ಇವೆ. ಯಾವ ಬೆಲ್ಟ್, ಯಾವ ಆಹಾರ, ಯಾವ ಪುಸ್ತಕ, ಯಾವ ವೆಬ್‌ಸೈಟ್ ಅಂತ ಕೇಳಿದ್ದೀರಿ. ನಾನು ತುಮಕೂರಿನಲ್ಲಿ ಪಶುವೈದ್ಯೆ. ದನ, ಕುರಿ ನೋಡಿಕೊಂಡೇ ನಾಯಿಗಳನ್ನೂ ನೋಡುತ್ತಾ ಬಂದವಳು. ಯಾವ ಕಂಪನಿಯ ಸ್ಯಾಂಪಲ್ಲನ್ನೂ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಅನಿಸಿದ್ದನ್ನು ನೇರವಾಗಿ ಬರೆಯುತ್ತೇನೆ.

ಪ್ರಶ್ನೆ: ತೋಟದ ಮನೆ ನಾಯಿಗೆ ಆನ್‌ಲೈನ್‌ನಲ್ಲಿ ಬೇವು, ನಿಂಬೆಹುಲ್ಲಿನ ಎಣ್ಣೆ ಹಾಕಿದ, ಉಣ್ಣೆ (ರಕ್ತ ಹೀರುವ ಹುಳ) ಓಡಿಸುವ ಬೆಲ್ಟ್ ತರಿಸಿದೆವು. ತುಂಬಾ ಜನ ನಾಲ್ಕೂವರೆ ಸ್ಟಾರ್ ಕೊಟ್ಟಿದ್ದರು. ತಿಂಗಳಾದರೂ ಉಣ್ಣೆ ಹೋಗಿಲ್ಲ. ನಮಗೆ ಬಂದದ್ದು ನಕಲಿ ಮಾಲಾ? – ಓದುಗರು, ತಿಪಟೂರು

ಉತ್ತರ: ನಕಲಿ ಇರಲಿಕ್ಕಿಲ್ಲ. ಅಂಥ ಬೆಲ್ಟಿನ ಕೆಲಸವೇ ಅಷ್ಟು. ಎಣ್ಣೆಯ ವಾಸನೆ ಕೆಲವು ದಿನ ಇದ್ದು ಆರಿಹೋಗುತ್ತದೆ. ಕಚ್ಚಿಕೊಂಡು ಕೂತ ಉಣ್ಣೆ ಅದಕ್ಕೆ ಜಗ್ಗುವುದಿಲ್ಲ.

ಸ್ಟಾರ್ ಕೊಟ್ಟವರು ಏನು ಬರೆದಿದ್ದಾರೆ ಅಂತ ಇನ್ನೊಮ್ಮೆ ನೋಡಿ. ‘ಬೇಗ ಬಂತು’, ‘ಪ್ಯಾಕಿಂಗ್ ಚೆನ್ನಾಗಿದೆ’, ‘ನಮ್ಮ ಟಾಮಿಗೆ ಒಪ್ಪುತ್ತೆ’ ಅನ್ನೋದೇ ಜಾಸ್ತಿ ಅಲ್ವಾ? ಬೆಲ್ಟ್ ಕಟ್ಟಿದ ಮಾರನೇ ದಿನ ಬರೆದದ್ದು ಅದು. ಉಣ್ಣೆ ಔಷಧಿಯ ಬಗ್ಗೆ ಹೇಳಬೇಕಾದವರು ಎರಡು ತಿಂಗಳಾದರೂ ನಾಯಿಯ ಮೈ ತಡವಿ ನೋಡಿರಬೇಕು. ನಾನಾದರೆ ಐದು ಸ್ಟಾರಿನವರನ್ನು ಬಿಟ್ಟು, ಎರಡು ಮೂರು ಸ್ಟಾರ್ ಕೊಟ್ಟವರನ್ನು ಮೊದಲು ಓದುತ್ತೇನೆ. ಎಲ್ಲಿ ಕೈಕೊಟ್ಟಿತು ಅಂತ ಹೇಳುವವರು ಅವರೇ.

ಇನ್ನು ನಿಮ್ಮ ಮನೆಯ ಗೋಡೆ ನೋಡಿ. ನಮ್ಮ ಕಡೆ ನಾಯಿಗೆ ಹತ್ತುವ ಕಂದು ಉಣ್ಣೆ ತನ್ನ ಆಯಸ್ಸಿನ ಬಹುಪಾಲನ್ನು ನಾಯಿಯ ಮೈಮೇಲೆ ಕಳೆಯುವುದೇ ಇಲ್ಲ. ರಕ್ತ ಕುಡಿದು ಹರಳು ಬೀಜದ ಹಾಗೆ ಉಬ್ಬಿದ ಹೆಣ್ಣು ಕೆಳಗೆ ಉದುರುತ್ತದೆ, ಗೋಡೆ ಹತ್ತಿ ಬಿರುಕು ಸೇರಿಕೊಂಡು ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಕಲ್ಲು ಚಪ್ಪಡಿಯ ಸಂದು, ನಾಯಿ ಮಲಗುವ ಗೋಣಿಚೀಲದ ಅಡಿ, ಕೊಬ್ಬರಿ ಅಟ್ಟದ ಕಂಬದ ಬುಡ, ಎಲ್ಲಾ ಅದಕ್ಕೆ ಜಾಗವೇ. ರಾತ್ರಿ ಟಾರ್ಚ್ ಹಿಡಿದು ಗೋಡೆ ನೋಡಿ, ಹತ್ತುತ್ತಿರುವುದು ಕಣ್ಣಿಗೇ ಕಾಣುತ್ತದೆ. ಸಂದುಗಳನ್ನು ಸಿಮೆಂಟ್ ಹಾಕಿ ಮುಚ್ಚಿಸಿ. ಗೋಣಿಚೀಲ ಸುಟ್ಟುಬಿಡಿ. ಇದಿಲ್ಲದೆ ಯಾವ ಬೆಲ್ಟ್ ಕಟ್ಟಿದರೂ ಅರ್ಧ ಕೆಲಸವೇ.

ಕೊಳ್ಳುವಾಗ ಪ್ಯಾಕೆಟ್ಟಿನ ಮುಂದಿನ ನಾಯಿ ಚಿತ್ರ ಬಿಟ್ಟು ಹಿಂಬದಿ ಓದಿ. ಔಷಧಿಯ ಹೆಸರು, ಎಷ್ಟು ಕೆಜಿ ತೂಕದ ನಾಯಿಗೆ, ಎಷ್ಟು ವಾರ ನಿಲ್ಲುತ್ತದೆ, ಬ್ಯಾಚ್ ನಂಬರ್, ಈ ನಾಲ್ಕೂ ಇರಬೇಕು. ಬೆನ್ನಿಗೆ ಬಿಡುವ ಫಿಪ್ರೊನಿಲ್ ಇದೆ. ನುಂಗಿಸುವ ಮಾತ್ರೆಗಳಲ್ಲಿ ಅಫಾಕ್ಸೊಲಾನರ್ ಒಂದು ತಿಂಗಳು, ಫ್ಲುರಾಲಾನರ್ ಸುಮಾರು 12 ವಾರ ಕೆಲಸ ಮಾಡುತ್ತವೆ. ಮಾತ್ರೆಯನ್ನು ಡಾಕ್ಟರು ತೂಕ ನೋಡಿ ಬರೆದುಕೊಟ್ಟರೆ ಮಾತ್ರ ಕೊಡಿ. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಅದನ್ನು ಮೊದಲೇ ಹೇಳಿ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುವ ಯಾವುದನ್ನೂ ಒಳಗೆ ತರಬೇಡಿ. ಬೆಕ್ಕಿಗೆ ಅದು ವಿಷ.

ಕೊಟ್ಟಿಗೆಯಲ್ಲಿ ದನಕ್ಕೆ ಹೊಡೆದು ಉಳಿದ ಔಷಧಿಯನ್ನು ನಾಯಿಗೂ ಬಳಿಯುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ದಯವಿಟ್ಟು ಬೇಡ. ನಾಯಿ ಮೈ ನೆಕ್ಕಿಕೊಳ್ಳುತ್ತದೆ. ಜೊಲ್ಲು ಸುರಿಸಿ, ನಡುಗುತ್ತಾ ಬಂದ ನಾಯಿಗಳನ್ನು ನೋಡಿ ನನಗೆ ಸಾಕಾಗಿದೆ.

ಇನ್ನೊಂದು ಮಾತು. ನಾಯಿ ಊಟ ಬಿಟ್ಟಿದ್ದರೆ, ಮೈ ಬಿಸಿ ಇದ್ದರೆ ತುಟಿ ಎತ್ತಿ ಒಸಡು ನೋಡಿ. ಬಿಳಿಚಿಕೊಂಡಿದ್ದರೆ ಅಥವಾ ಮೂಗಿನಲ್ಲಿ ರಕ್ತ ಬಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತಪರೀಕ್ಷೆ ಮಾಡಿಸಿ. ಅದು ಉಣ್ಣೆ ಜ್ವರ ಇರಬಹುದು, ಅಂದರೆ ಉಣ್ಣೆ ಕಚ್ಚಿ ತಗಲುವ ಎರ್ಲಿಕಿಯಾ, ಬಬೇಸಿಯಾ ಸೋಂಕು. ಬೇಗ ಹಿಡಿದರೆ ಔಷಧಿ ಇದೆ.

ಪ್ರಶ್ನೆ: ಒಣ ಆಹಾರದ ಚೀಲದ ಮೇಲೆ 24% ಪ್ರೋಟೀನ್ ಅಂತಿದೆ. ಅದಕ್ಕಿಂತ ದುಬಾರಿಯ ಗ್ರೇವಿ ಪೌಚ್ ಮೇಲೆ 8% ಮಾತ್ರ. ಪೌಚ್ ಮೋಸವಾ? ನಮ್ಮತ್ತೆ ಇವೆರಡೂ ಬೇಡ, ಮುದ್ದೆ ಸಾಕು ಅಂತಾರೆ. – ಓದುಗರು, ಕ್ಯಾತ್ಸಂದ್ರ

ಉತ್ತರ: ಮೋಸ ಅಲ್ಲ, ನೀರು. ಗ್ರೇವಿಯ 100 ಗ್ರಾಂನಲ್ಲಿ 80 ಗ್ರಾಂ ನೀರಿದ್ದರೆ ಗಟ್ಟಿ ಪದಾರ್ಥ 20 ಗ್ರಾಂ. ಅದರಲ್ಲಿ 8 ಗ್ರಾಂ ಪ್ರೋಟೀನ್ ಅಂದರೆ 40% ಆಯಿತು. ಒಣ ಆಹಾರದಲ್ಲಿ ನೀರು 10 ಗ್ರಾಂ, ಗಟ್ಟಿ 90 ಗ್ರಾಂ. ಅದರಲ್ಲಿ 24 ಅಂದರೆ ಸುಮಾರು 27%. ಹೀಗೆ ನೀರು ಕಳೆದೇ ಹೋಲಿಸಬೇಕು. ಆದರೆ ಪೌಚಿಗೆ ಕೊಡುವ ದುಡ್ಡಿನಲ್ಲಿ ನೀರಿನ ದುಡ್ಡೂ ಸೇರಿದೆ ಅನ್ನೋದು ನೆನಪಿರಲಿ. ದಿನಾ ಕೊಡುವ ಪೂರ್ತಿ ಆಹಾರವೋ, ಬರೀ ಜೊತೆಗೆ ಹಾಕುವ ತಿನಿಸೋ ಅಂತಲೂ ಹಿಂಬದಿ ಬರೆದಿರುತ್ತದೆ. ಅದನ್ನೇ ಮೊದಲು ಹುಡುಕಿ.

ನಿಮ್ಮತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ನಾಯಿ ತೋಳದ ಹಾಗಲ್ಲ. ಮನುಷ್ಯರ ಜೊತೆ ಬದುಕಿ ಹಿಟ್ಟಿನ ಪದಾರ್ಥ ಅರಗಿಸಿಕೊಳ್ಳುವ ಶಕ್ತಿ ಅದಕ್ಕೆ ಹೆಚ್ಚು ಬಂದಿದೆ. 2013ರಲ್ಲಿ ಅದರ ವಂಶವಾಹಿಯಲ್ಲೇ ಇದನ್ನು ಗುರುತಿಸಿದರು. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಆದರೆ ಪ್ರೋಟೀನ್ 7% ಆಸುಪಾಸು ಅಷ್ಟೇ. ಬರೀ ಮುದ್ದೆ ಸಾಲದು. ಮುದ್ದೆಗೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಮೊಸರು ಸೇರಿಸಿ. ಬಸ್ಸಾರು, ಉಪ್ಸಾರು ಕಲಸಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ. ಬೆಂದ ಕೋಳಿ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ದಿನಾ ಮನೆ ಅಡುಗೆಯನ್ನೇ ಹಾಕುವುದಾದರೆ ಅಳತೆಯನ್ನು ಒಮ್ಮೆ ನಿಮ್ಮ ಡಾಕ್ಟರ ಹತ್ತಿರ ಕೂತು ಬರೆಸಿಕೊಳ್ಳಿ.

ಪ್ರಶ್ನೆ: ಲ್ಯಾಬ್ರಡಾರ್ ಮರಿಗೆ ಕ್ಯಾಲ್ಸಿಯಂ ಸಿರಪ್ ಹಾಕಿ, ಕಾಲು ಗಟ್ಟಿಯಾಗುತ್ತೆ ಅಂತ ಅಂಗಡಿಯವರು ಹೇಳಿದರು. – ಓದುಗರು, ಗುಬ್ಬಿ

ಉತ್ತರ: ಮರಿಗಳಿಗೆಂದೇ ಮಾಡಿದ ಪೂರ್ತಿ ಆಹಾರ ತಿನ್ನುತ್ತಿದ್ದರೆ ಬೇಡ. ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಜಾಸ್ತಿಯಾದರೆ ಮೂಳೆ ಸೊಟ್ಟ ಬೆಳೆಯುತ್ತದೆ.

ಪ್ರಶ್ನೆ: ಮಗನಿಗೆ ನಾಯಿ ಪಳಗಿಸುವ ಪುಸ್ತಕ ಕೊಡಿಸಿದೆ. ನಾವೇ ಗುಂಪಿನ ಯಜಮಾನ ಅಂತ ತೋರಿಸಬೇಕು, ಮಾತು ಕೇಳದಿದ್ದರೆ ಅಂಗಾತ ಕೆಡವಿ ಒತ್ತಿ ಹಿಡಿಯಬೇಕು ಅಂತ ಅದರಲ್ಲಿದೆ. ಹಾಗೇ ಮಾಡಿದಾಗ ನಾಯಿ ಗುರ್ ಅಂದಿತು. ಪುಸ್ತಕ ಸರಿಯಿದೆಯಾ? – ಓದುಗರು, ಮಧುಗಿರಿ

ಉತ್ತರ: ಆ ಪುಸ್ತಕವನ್ನು ಮಗನ ಕೈಯಿಂದ ಇವತ್ತೇ ತೆಗೆದಿಡಿ.

ಈ ಯಜಮಾನಿಕೆಯ ಕಥೆ ಬಂದದ್ದು ತೋಳಗಳಿಂದ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಜಗಳ ನೋಡಿ ಬರೆದರು. ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ 1970ರಲ್ಲಿ ತಂದ ತೋಳದ ಪುಸ್ತಕದಿಂದ ಅದು ಎಲ್ಲ ಕಡೆ ಹರಡಿತು. ಆಮೇಲೆ ಮೆಕ್ ಕಾಡಿನಲ್ಲೇ ತೋಳಗಳನ್ನು ವರ್ಷಗಟ್ಟಲೆ ನೋಡಿದರು. ಅಲ್ಲಿದ್ದದ್ದು ಅಪ್ಪ, ಅಮ್ಮ, ಮಕ್ಕಳ ಸಂಸಾರ. ಯಜಮಾನಿಕೆಗೆ ಹೊಡೆದಾಟ ಅನ್ನೋ ಮಾತು ಅಲ್ಲಿಗೆ ಹೊಂದುವುದಿಲ್ಲ ಅಂತ 1999ರಲ್ಲಿ ಅವರೇ ಬರೆದರು, ಹಳೆಯ ಪುಸ್ತಕ ಅಚ್ಚು ಮಾಡಬೇಡಿ ಅಂತ ಪ್ರಕಾಶಕರನ್ನೂ ಕೇಳಿಕೊಂಡರು. ಆ ತಿದ್ದುಪಡಿ ಎಷ್ಟೋ ನಾಯಿ ಪುಸ್ತಕಗಳಿಗೆ ಇನ್ನೂ ಮುಟ್ಟಿಲ್ಲ. ನನಗೆ ಸಿಟ್ಟು ಬರೋದು ಇದಕ್ಕೇ. ಏಟು ತಿನ್ನೋದು ಮಕ್ಕಳು, ನಾಯಿಗಳು.

ಗುರ್ ಅನ್ನೋದು ‘ಹೆದರಿಕೆ ಆಗ್ತಿದೆ, ಬಿಡು’ ಅಂತ ನಾಯಿ ಕೊಡುವ ಎಚ್ಚರಿಕೆ. ಅದಕ್ಕೂ ಬೈದರೆ ಮುಂದಿನ ಸಲ ಎಚ್ಚರಿಸದೆ ಕಚ್ಚುತ್ತದೆ. ಕೋಳಿಯ ಸಣ್ಣ ತುಣುಕು ನಾಯಿಯ ಮೂಗಿನ ಹತ್ತಿರ ಹಿಡಿದು, ಕೈಯನ್ನು ನಿಧಾನವಾಗಿ ತಲೆಯ ಮೇಲೆ ಒಯ್ಯಲು ಮಗನಿಗೆ ಹೇಳಿ. ನಾಯಿ ತಾನಾಗೇ ಕೂರುತ್ತದೆ. ಕೂತ ತಕ್ಷಣ ಕೊಡಲಿ. ಹೊತ್ತಿಗೆ ಎರಡು ನಿಮಿಷ ಸಾಕು. ಪುಸ್ತಕ ಕೊಳ್ಳುವಾಗ ನಾಯಿ ಹೆದರಿದಾಗ ಏನು ಮಾಡಬೇಕು ಅನ್ನುವ ಪುಟ ತೆಗೆದು ಓದಿ. ಕತ್ತು ಬಿಗಿಯುವ ಚೋಕ್ ಚೈನ್ ಎಳೆಯಿರಿ ಅಂತಿದ್ದರೆ ಅಲ್ಲೇ ಇಟ್ಟು ಬನ್ನಿ.

ಪ್ರಶ್ನೆ: ಯಾವ ವೆಬ್‌ಸೈಟ್ ನಂಬಬಹುದು? ಯೂಟ್ಯೂಬ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. – ಓದುಗರು, ಶಿರಾ

ಉತ್ತರ: ಕಾಯಿಲೆ ಬಗ್ಗೆ ತಿಳಿಯಲು ಎಂಎಸ್‌ಡಿ ವೆಟರ್ನರಿ ಮ್ಯಾನ್ಯುಯಲ್. ನಾವು ಡಾಕ್ಟರುಗಳೂ ನೋಡುವುದು ಅದನ್ನೇ. ನಾಯಿ ಸಾಕಿದವರಿಗೆ ಬೇರೆ ಭಾಗವಿದೆ, ದುಡ್ಡು ಕೊಡಬೇಕಿಲ್ಲ. ಇಂಗ್ಲಿಷ್‌ನಲ್ಲಿದೆ, ಮಕ್ಕಳ ಹತ್ತಿರ ಓದಿಸಿಕೊಳ್ಳಿ. ಯಾವ ಗಿಡ ವಿಷ ಅಂತ ನೋಡಲು ಅಮೆರಿಕದ ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎಯ ಪಟ್ಟಿ ಒಳ್ಳೆಯದು. ನಮ್ಮ ಅಂಗಳದ ಕಣಗಿಲೆ, ಸೈಕಸ್ ಎರಡೂ ಅದರಲ್ಲಿವೆ.

ವಿಡಿಯೊ ಮಾಡುವವರು ದುಡ್ಡನ್ನೋ ಉಚಿತ ಸಾಮಾನನ್ನೋ ಪಡೆದಿದ್ದರೆ ಅದನ್ನು ಹೇಳಲೇಬೇಕು ಅಂತ ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಸೂಚಿಸಿದೆ. ಆನ್‌ಲೈನ್ ಅಭಿಪ್ರಾಯಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) 2022ರಲ್ಲೇ ಐಎಸ್ 19000 ಮಾನದಂಡ ತಂದಿತು, ಆದರೆ ಆಗ ಅದನ್ನು ಕಡ್ಡಾಯ ಮಾಡಲಿಲ್ಲ. ಹಾಗಾಗಿ ನೋಡುವ ಕೆಲಸ ನಮ್ಮದೇ. ನಾಯಿಯ ವಯಸ್ಸು, ತೂಕ ಕೇಳದೆ ಔಷಧಿಯ ಡೋಸ್ ಹೇಳುವವರ ವಿಡಿಯೊವನ್ನು ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಕೊಂಡ ಮಾಲಿನಲ್ಲಿ ಮೋಸವಾದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಪ್ರಶ್ನೆ: ಒಂದು ವೆಬ್‌ಸೈಟ್‌ನಲ್ಲಿ 35 ದಿನದ ಮರಿ ಇದೆ. ಎರಡು ಇಂಜೆಕ್ಷನ್ ಆಗಿದೆ, ಮುಂಗಡ ಕಳಿಸಿದರೆ ಮನೆಗೇ ತಂದುಕೊಡ್ತೀವಿ ಅಂತಾರೆ. ತಗೊಳ್ಳಬಹುದಾ? – ಓದುಗರು, ಕುಣಿಗಲ್

ಉತ್ತರ: ಬೇಡ. ನಾಯಿ ಸಾಕಣೆ, ಮಾರಾಟದ ಬಗ್ಗೆ ಇರುವ ಕೇಂದ್ರದ 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಇಂಜೆಕ್ಷನ್ ಮಾತೂ ನಿಲ್ಲುವುದಿಲ್ಲ. ಪಾರ್ವೊ, ಡಿಸ್ಟೆಂಪರ್ ಅನ್ನುವ ಮಾರಕ ರೋಗಗಳ ಲಸಿಕೆ ಶುರುವಾಗುವುದೇ ಆರರಿಂದ ಎಂಟು ವಾರಕ್ಕೆ, ಎರಡನೆಯದು ಅದಾದ ಕೆಲವು ವಾರಕ್ಕೆ. 35 ದಿನಕ್ಕೆ ಎರಡು ಹೇಗೆ ಮುಗಿಯುತ್ತದೆ? ಲಸಿಕೆ ಪುಸ್ತಕದ ಫೋಟೊ ಕೇಳಿ. ಬಾಟಲಿಯಿಂದ ಕಿತ್ತು ಅಂಟಿಸಿದ ಚೀಟಿ, ಬ್ಯಾಚ್ ನಂಬರ್, ಡಾಕ್ಟರ ಸಹಿ ಇರಬೇಕು. ತಾಯಿಯ ಜೊತೆ ಮರಿ ಇರುವ ಜಾಗಕ್ಕೇ ಬಂದು ನೋಡ್ತೀವಿ ಅನ್ನಿ. ಒಪ್ಪದಿದ್ದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ.