ತೆರೆಯ ಮೇಲೆ ಸರಿ, ಪಿಡಿಎಫ್‌ನಲ್ಲಿ ಚುಕ್ಕಿ: ಗ್ರಾಫಿನಲ್ಲಿ ಕನ್ನಡ ಯಾಕೆ ಒಡೆಯುತ್ತದೆ?

ಪ್ರಶ್ನೆ: ನಾನು ಮಂಡ್ಯದಲ್ಲಿ ಕೃಷಿ ಎಂಎಸ್ಸಿ ಓದುತ್ತಿದ್ದೇನೆ. ಜಿಲ್ಲೆಯ 7 ತಾಲ್ಲೂಕುಗಳ ಭತ್ತದ ಇಳುವರಿ ಮತ್ತು ಖರ್ಚಿನ ಗ್ರಾಫ್‌ಗಳನ್ನು ಅಂಕಿಅಂಶಗಳಿಗೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡಿದ್ದೇನೆ. ಆರ್ ಬಳಸುವ ತಂತ್ರಾಂಶವಾದ ಆರ್‌ಸ್ಟುಡಿಯೋದಲ್ಲಿ ಕನ್ನಡ ಹೆಸರುಗಳು ಚೆನ್ನಾಗಿಯೇ ಕಾಣುತ್ತವೆ. ಪಿಡಿಎಫ್ ಮಾಡಿದರೆ ಹೆಸರಿನ ಜಾಗದಲ್ಲಿ ಬರೀ ಚುಕ್ಕಿ. ₹ ಚಿಹ್ನೆಯೂ ಇಲ್ಲ. ಸೀನಿಯರ್ ಒಬ್ಬರು ಹೇಳಿದರೆಂದು ಗ್ರಾಫಿನಲ್ಲಿ ಬೇರೆ ಫಾಂಟ್ ಬಳಸಲು ಶೋಟೆಕ್ಸ್ಟ್ ಎಂಬ ಪ್ಯಾಕೇಜ್ (ಆರ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಹಾಕಿದೆ. ಈಗ ಅಕ್ಷರ ಬರುತ್ತವೆ, ಒತ್ತುಗಳು ಒಡೆದಿವೆ. ನಾಗಮಂಗಲ ಹೆಚ್ಚುಕಡಿಮೆ ಸರಿ, ಶ್ರೀರಂಗಪಟ್ಟಣ ಓದಲಾಗದು. ಸುಮ್ನೆ ಇಂಗ್ಲಿಷ್‌ನಲ್ಲಿ ಹಾಕಿಬಿಡು ಅನ್ನುತ್ತಾರೆ ಎಲ್ಲರೂ. ನನ್ನದು ವಿಂಡೋಸ್ ಲ್ಯಾಪ್‌ಟಾಪ್. ಏನು ಮಾಡಲಿ?

ಉತ್ತರ: ಇಂಗ್ಲಿಷ್‌ಗೆ ಹೋಗಬೇಡಿ. ಮದ್ದೂರು, ಮಳವಳ್ಳಿಯ ಭತ್ತದ ಲೆಕ್ಕ ಅಲ್ಲಿನ ರೈತರಿಗೂ ಓದಲು ಬರಬೇಕು, ಅಲ್ವಾ? ಇದು ಸರಿಯಾಗುವ ತೊಂದರೆ.

ನೀವು ಕಂಡಿದ್ದು ಒಂದು ತೊಂದರೆಯಲ್ಲ, ಎರಡು. ಇಂಥದ್ದಕ್ಕೆ ಪ್ಯಾಕೇಜ್ ಬದಲಿಸುತ್ತಾ ಹೋಗುವ ಮೊದಲು ಅಕ್ಷರ ಹೇಗೆ ಕೆಟ್ಟಿದೆ ಎಂದು ನೋಡಬೇಕು. ಕಾರಣ ಅಲ್ಲೇ ಇರುತ್ತದೆ.

ಮೊದಲು ಚುಕ್ಕಿಗಳು. ಆರ್‌ಸ್ಟುಡಿಯೋ ತೆರೆಯ ಮೇಲೆ ಚಿತ್ರ ಬರೆಯುವ ವ್ಯವಸ್ಥೆಯೇ ಬೇರೆ, ಪಿಡಿಎಫ್ ಬರೆಯುವ ವ್ಯವಸ್ಥೆಯೇ ಬೇರೆ. ಇಂಥ ವ್ಯವಸ್ಥೆಗೆ ಡಿವೈಸ್ ಎನ್ನುತ್ತಾರೆ. ಆರ್‌ನ ಮಾಮೂಲಿ ಪಿಡಿಎಫ್ ಡಿವೈಸ್ ಒಂದು ಅಕ್ಷರಕ್ಕೆ ಒಂದೇ ಬೈಟ್ ಎಂಬ ಹಳೆಯ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಅಂದರೆ ಹೆಚ್ಚೆಂದರೆ 256 ಸಂಕೇತಗಳ ಪಟ್ಟಿಗೆ ಜಾಗ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್ ಅನ್ನು ಉಳಿಸುವ ಯುಟಿಎಫ್-8 ರೀತಿಯಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತದ ಚಿಹ್ನೆಗೂ 3 ಬೈಟ್ ಬೇಕು. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅದು ಚುಕ್ಕಿ ಇಟ್ಟು ಮುಂದೆ ಹೋಗುತ್ತದೆ. ₹ ಮಾಯವಾಗುವುದಕ್ಕೂ ಇದೇ ಕಾರಣ. ಆ ಪಟ್ಟಿಗೆ ಬುನಾದಿಯಾದ ಲ್ಯಾಟಿನ್-1 ಎಂಬ ಅಕ್ಷರಪಟ್ಟಿ 1987ರದ್ದು, ನಮ್ಮ ₹ ಚಿಹ್ನೆ ಬಂದಿದ್ದು 2010ರಲ್ಲಿ. ಅದೇ ಗ್ರಾಫಿನಲ್ಲಿ ಡಿಗ್ರಿ ಚಿಹ್ನೆ, ಚದರ ಮೀಟರಿನ ಮೇಲಿನ 2 ಸರಿಯಾಗಿ ಬಂದಿದ್ದರೆ ಆಶ್ಚರ್ಯಪಡಬೇಡಿ. ಅವು ಆ ಹಳೆಯ ಪಟ್ಟಿಯಲ್ಲಿವೆ.

ಇನ್ನು ಒತ್ತು. ಇದು ನಿಜವಾಗಿ ನಮ್ಮ ಭಾಷೆಗೆ ಸಂಬಂಧಪಟ್ಟ ವಿಷಯ. ಯುನಿಕೋಡ್‌ನಲ್ಲಿ 'ಟ್ಟ' ಎಂಬುದು ಒಂದು ಅಕ್ಷರವಾಗಿ ಇಲ್ಲ. ಟ, ಸ್ವರವಿಲ್ಲ ಎಂದು ತೋರಿಸುವ ಒಂದು ವಿರಾಮ ಚಿಹ್ನೆ, ಮತ್ತೆ ಟ, ಹೀಗೆ ಮೂರು ಸಂಕೇತ ಸಾಲಾಗಿ ಇರುತ್ತವೆ. ಅವನ್ನು ಸೇರಿಸಿ ಎರಡನೆಯ ಟಕಾರವನ್ನು ಒತ್ತಾಗಿಸಲು ಇನ್ನೊಂದು ತಂತ್ರಾಂಶ ಬೇಕು. ಹಾರ್ಫ್‌ಬಜ್ ಎಂಬುದು ಆ ಕೆಲಸ ಮಾಡುತ್ತದೆ. ಶೋಟೆಕ್ಸ್ಟ್ ಇದನ್ನು ಬಳಸುವುದಿಲ್ಲ. ಫಾಂಟಿನಿಂದ ಒಂದೊಂದೇ ಆಕಾರ ತೆಗೆದು ಪಕ್ಕಪಕ್ಕ ಇಡುತ್ತದೆ, ಅಷ್ಟೇ. ನಾಗಮಂಗಲದಲ್ಲಿ ಒತ್ತೇ ಇಲ್ಲ, ಹಾಗಾಗಿ ಪಾರಾಯಿತು. ಶ್ರೀರಂಗಪಟ್ಟಣದಲ್ಲಿ ಎರಡು ಕಡೆ ಇದೆ. ಕೃಷ್ಣರಾಜಪೇಟೆಯನ್ನೂ ನೋಡಿ, ಅದೂ ಕೆಟ್ಟಿರುತ್ತದೆ.

ಈಗ ದಾರಿ. ಶೋಟೆಕ್ಸ್ಟ್ ಅನ್ನು ಪೂರ್ತಿ ತೆಗೆಯಿರಿ. ನಿಮ್ಮ ಕೋಡ್‌ನಲ್ಲಿ 'ಶೋಟೆಕ್ಸ್ಟ್ ಆಟೋ' ಸಾಲು ಉಳಿದಿದ್ದರೆ ಬೇರೆ ಡಿವೈಸ್ ಹಾಕಿದರೂ ಅಕ್ಷರವನ್ನು ಶೋಟೆಕ್ಸ್ಟೇ ಬರೆಯುತ್ತದೆ. ಆರ್ ಅನ್ನು ಒಮ್ಮೆ ಮುಚ್ಚಿ ತೆರೆಯಿರಿ. ಆಮೇಲೆ ರ‍್ಯಾಗ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ. ಹೆಸರಿನ ಸ್ಪೆಲ್ಲಿಂಗ್ ಆರ್, ಎ, ಜಿ, ಜಿ. ಅದು ಚಿತ್ರದ ಕಡತ ಬರೆಯುವ ಡಿವೈಸ್, ಹಾರ್ಫ್‌ಬಜ್ ಬಳಸುತ್ತದೆ. ನೀವು ಗ್ರಾಫಿಗೆ ಜಿಜಿಪ್ಲಾಟ್ ಪ್ಯಾಕೇಜ್ ಬಳಸುತ್ತಿದ್ದರೆ ಅದರ ಜಿಜಿಸೇವ್ ಆದೇಶ ಕೊಟ್ಟು ಪಿಎನ್‌ಜಿ ಮಾಡಿ, ಅದು ರ‍್ಯಾಗ್ ಇದ್ದರೆ ತಾನಾಗಿಯೇ ಬಳಸಿಕೊಳ್ಳುತ್ತದೆ. ಥೀಮ್‌ನಲ್ಲಿ ಫಾಂಟ್ ಹೆಸರನ್ನು ಸ್ಪಷ್ಟವಾಗಿ ಬರೆಯಿರಿ: ನಿರ್ಮಲಾ ಯುಐ ಆಗಬಹುದು, ನೋಟೋ ಸಾನ್ಸ್ ಕನ್ನಡ ಆಗಬಹುದು. ಅಗಲ 15 ಸೆಂಟಿಮೀಟರ್, 600 ಡಿಪಿಐ (ಇಂಚಿಗೆ 600 ಚುಕ್ಕಿ) ಕೊಟ್ಟರೆ ಸುಮಾರು 3540 ಪಿಕ್ಸೆಲ್ ಬರುತ್ತದೆ. ಪ್ರಬಂಧದ ಮುದ್ರಣಕ್ಕೆ ಧಾರಾಳವಾಗಿ ಸಾಕು.

ಪಿಡಿಎಫ್ಫೇ ಬೇಕು ಎಂದು ಗೈಡ್ ಹೇಳಿದರೆ? ಎಸ್‌ವಿಜಿಲೈಟ್ ಪ್ಯಾಕೇಜಿನಿಂದ ಎಸ್‌ವಿಜಿ (ಇನ್ನೊಂದು ಬಗೆಯ ಚಿತ್ರ ಕಡತ) ಮಾಡಿ, ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ತೆರೆದು ಅಲ್ಲಿಂದ ಪಿಡಿಎಫ್ ಮಾಡಿ. ಮಾಡುವಾಗ ಅಕ್ಷರಗಳನ್ನು ರೇಖೆಗಳಾಗಿ ಬದಲಿಸುವ ಆಯ್ಕೆ ಕೊಡಿ. ಆಗ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಚಿಂತೆಯಿಲ್ಲ. ಆರ್‌ನ ಇನ್ನೊಂದು ಪಿಡಿಎಫ್ ಡಿವೈಸ್ ಆದ ಕೈರೋ ಪಿಡಿಎಫ್ ಬಳಸಿ ಎಂದು ಹಲವರು ಹೇಳುತ್ತಾರೆ. ಅಕ್ಷರ ಜೋಡಿಸುವ ಪ್ಯಾಂಗೋ ತಂತ್ರಾಂಶ ಜೊತೆಗಿರುವ ಲಿನಕ್ಸ್‌ನಲ್ಲಿ ಅದು ಒಳ್ಳೆಯ ದಾರಿ. ವಿಂಡೋಸ್‌ನಲ್ಲಿ ಒತ್ತು ಪರೀಕ್ಷಿಸದೆ ಅದನ್ನು ನಂಬಬೇಡಿ.

ಒಂದು ಮಾತು ಮಾತ್ರ ಬಲವಾಗಿ ಹೇಳುತ್ತೇನೆ. ಖಾಲಿ ಗ್ರಾಫ್ ಮಾಡಿ, ಹೆಸರುಗಳನ್ನು ಪವರ್‌ಪಾಯಿಂಟ್‌ನಲ್ಲಿ ಮೇಲೆ ಅಂಟಿಸಬೇಡಿ. ನಾಳೆ ದತ್ತಾಂಶ ತಿದ್ದಿದಾಗ ಕಂಬಗಳ ಕ್ರಮ ಬದಲಾಗುತ್ತದೆ, ಅಂಟಿಸಿದ ಹೆಸರು ಅಲ್ಲೇ ಉಳಿಯುತ್ತದೆ. ಪಾಂಡವಪುರದ ಇಳುವರಿ ಮಳವಳ್ಳಿಯ ಹೆಸರಿನಲ್ಲಿ ಅಚ್ಚಾದರೆ ಅದು ಅಕ್ಷರದ ತಪ್ಪಲ್ಲ, ಸಂಶೋಧನೆಯ ತಪ್ಪು.

ಇನ್ನು ಇಲಾಖೆಯಿಂದ ಬಂದ ಹಳೆಯ ಕಡತಗಳನ್ನು ಬಳಸುತ್ತೀರಾದರೆ ಮೊದಲು ಅವು ಯುನಿಕೋಡ್‌ನಲ್ಲಿವೆಯೇ ನೋಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆ ಫಾಂಟಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಅದಕ್ಕೆ ಮೇಲಿನ ಯಾವ ಔಷಧಿಯೂ ನಾಟುವುದಿಲ್ಲ. ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಿಸಿಕೊಂಡೇ ಶುರು ಮಾಡಬೇಕು.

ಪ್ರಶ್ನೆ: ಪೈಥಾನ್ ಭಾಷೆಯ ಗ್ರಾಫ್ ಪ್ಯಾಕೇಜ್ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕನ್ನಡದ ಬದಲು ಚೌಕಗಳು ಬರುತ್ತಿದ್ದವು. ಫಾಂಟ್ ಬದಲಿಸಿದೆ. ಚೌಕ ಹೋಯಿತು, ಈಗ 'ಮೈಸೂರು ಜಿಲ್ಲೆ'ಯ ಒತ್ತು ಬೇರೆಯಾಗಿದೆ. — ಶಿಕ್ಷಕರು, ಮೈಸೂರು

ಉತ್ತರ: ಚೌಕ ಎಂದರೆ ಫಾಂಟಿನಲ್ಲಿ ಆ ಅಕ್ಷರವೇ ಇಲ್ಲ ಎಂದರ್ಥ. ಮ್ಯಾಟ್‌ಪ್ಲಾಟ್‌ಲಿಬ್‌ನ ಮಾಮೂಲಿ ಫಾಂಟ್ ಡೆಜಾವು ಸಾನ್ಸ್, ಅದರಲ್ಲಿ ಕನ್ನಡ ಇಲ್ಲ. ಅದನ್ನು ನೀವು ಸರಿಯಾಗಿಯೇ ಪರಿಹರಿಸಿದ್ದೀರಿ. ಉಳಿದದ್ದು ಮೇಲೆ ಹೇಳಿದ ಒತ್ತಿನ ತೊಂದರೆ. ನಿಮ್ಮಲ್ಲಿರುವ ಆವೃತ್ತಿ ಅಕ್ಷರಗಳನ್ನು ಸೇರಿಸುತ್ತಿಲ್ಲ. ಫಾಂಟ್ ಮೇಲೆ ಫಾಂಟ್ ಬದಲಿಸಿ ಸಮಯ ಕಳೆಯಬೇಡಿ. ಅಕ್ಷರಗಳನ್ನು ಸೇರಿಸಿ ಬರೆಯುವ ಎಂಪಿಎಲ್‌ಕೈರೋ ಪ್ಯಾಕೇಜ್ ಹಾಕಿಕೊಳ್ಳಿ. ಅದು ಕಷ್ಟವಾದರೆ ಪ್ಲಾಟ್ಲಿ ಎಂಬ ಇನ್ನೊಂದು ಪ್ಯಾಕೇಜಿನಲ್ಲಿ ಗ್ರಾಫ್ ಮಾಡಿ. ಅದರಲ್ಲಿ ಅಕ್ಷರ ಬರೆಯುವುದು ಬ್ರೌಸರ್, ಬ್ರೌಸರಿಗೆ ಒತ್ತು ಚೆನ್ನಾಗಿ ಗೊತ್ತು. ಚಿತ್ರದ ಮೂಲೆಯ ಕ್ಯಾಮೆರಾ ಗುರುತು ಒತ್ತಿದರೆ ಪಿಎನ್‌ಜಿ ಇಳಿಯುತ್ತದೆ, ಪ್ರಶ್ನೆಪತ್ರಿಕೆಗೆ ಅದನ್ನೇ ಹಾಕಿ.